ಕಾರಣ ಬರೆದುಕೊಡಿ

ನಾನು ಮೇಂಟೆನೆನ್ಸ್‌ನವನು. ಅತ್ತಿಬೆಲೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತಲೇ ತಲೆಗೂದಲು ಬೆಳ್ಳಗಾದವನು. ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ ಅದು ಏಕೆ ಕೆಟ್ಟಿತು ಎಂದು ಬರೆಯುವುದೇ ನಮ್ಮಲ್ಲಿ ದೊಡ್ಡ ಕೆಲಸ. ಬ್ರೇಕ್‌ಡೌನ್ ರಿಜಿಸ್ಟರ್ ಎಂಬ ಉದ್ದನೆಯ ಪುಸ್ತಕವೊಂದಿದೆ. ಯಾವ ಮೆಷಿನ್ನು, ಎಷ್ಟು ಹೊತ್ತಿಗೆ ನಿಂತಿತು, ಏನು ಬದಲಾಯಿಸಿದಿರಿ ಎಂಬ ಕಾಲಂಗಳೆಲ್ಲ ಆದ ಮೇಲೆ ಕೊನೆಗೊಂದು ಕಾಲಂ: ‘ಕಾರಣ’. ಅದನ್ನು ಖಾಲಿ ಬಿಟ್ಟು ಮನೆಗೆ ಹೋಗುವಂತಿಲ್ಲ. ‘ಗೊತ್ತಾಗಲಿಲ್ಲ’ ಎಂದು ಬರೆದವರ ಪುಟಕ್ಕೆ ನಮ್ಮ ಹಳೆಯ ಮ್ಯಾನೇಜರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸುತ್ತಿದ್ದರು. ಆಗ ಬೈದುಕೊಂಡಿದ್ದೇವೆ. ಈಚೆಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚಿದೆ. ಹೆಚ್ಚಿಸಿದ್ದು ನಮ್ಮ ಭಾವನ ಕಾರು.

ನನಗೆ ಬ್ಯಾಟರಿ ಎಂದರೆ ಫೋರ್ಕ್‌ಲಿಫ್ಟ್ ಬ್ಯಾಟರಿ. ಸ್ಟೋರಿನ ಹಿಂದೆ ಒಂದು ಕೋಣೆ, ಎಕ್ಸಾಸ್ಟ್ ಫ್ಯಾನು, ಆಸಿಡ್ಡಿಗೆ ಜಗ್ಗದ ಟೈಲ್ಸು, ಮೂಲೆಯಲ್ಲಿ ಕಣ್ಣು ತೊಳೆಯುವ ನಲ್ಲಿ. 48 ವೋಲ್ಟಿನ ಬ್ಯಾಟರಿಯಲ್ಲಿ ಎರಡೆರಡು ವೋಲ್ಟಿನ 24 ಸೆಲ್‌ಗಳು ಕಬ್ಬಿಣದ ಪೆಟ್ಟಿಗೆಯೊಳಗೆ ಸಾಲಾಗಿ ಕೂತಿರುತ್ತವೆ. ಗಾಡಿ ರ‍್ಯಾಂಪ್ ಹತ್ತುವಾಗ ತಿಣುಕುತ್ತಿದೆ ಎಂದು ಡ್ರೈವರ್ ಬಂದು ಹೇಳಿದರೆ ಒಂದೊಂದೇ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಬಿಡುತ್ತೇವೆ. ರಬ್ಬರ್ ಬುಡ್ಡೆಯನ್ನು ಅದುಮಿ ಬಿಟ್ಟರೆ ಆಸಿಡ್ಡು ಗಾಜಿನ ಕೊಳವೆಗೆ ಏರುತ್ತದೆ, ಒಳಗಿನ ಗುಂಡು ತೇಲಿ ನಿಲ್ಲುತ್ತದೆ. ಪೂರ್ತಿ ಚಾರ್ಜಾದ ಸೆಲ್ಲಿನಲ್ಲಿ 1.280ರ ಆಸುಪಾಸು ತೋರಿಸಬೇಕು. 23 ಸೆಲ್ಲುಗಳು ಹಾಗೆ ತೋರಿಸಿ ಒಂದು ಮಾತ್ರ 1.150ರ ಬಳಿ ಮುಳುಗಿತೆಂದರೆ ಹುಡುಕಾಟ ಮುಗಿಯಿತು. ಆ ಸೆಲ್ಲಿನ ಸೀಸದ ಪಟ್ಟಿ ಕೊಯ್ದು, ಸೆಲ್ಲನ್ನು ಹೊರಗೆತ್ತಿ, ಹೊಸದು ಕೂರಿಸಿ, ಪಟ್ಟಿಯನ್ನು ಕರಗಿಸಿ ಮತ್ತೆ ಬೆಸೆಯುವುದು. ರಿಜಿಸ್ಟರಿನಲ್ಲಿ ‘17ನೇ ಸೆಲ್, ಪ್ಲೇಟ್ ಶಾರ್ಟ್’ ಎಂದು ಬರೆದು ಸಹಿ ಹಾಕುವುದು. ನಂಬಿಕೆ ಬಾರದವರಿಗೆ ಹೊರತೆಗೆದ ಸೆಲ್ಲು ಅಲ್ಲೇ ಇರುತ್ತದೆ. ತಳದಲ್ಲಿ ಕೂತ ಕಂದು ಗಸಿಯನ್ನು ಯಾರು ಬೇಕಾದರೂ ನೋಡಬಹುದು.

ಹೊಸೂರು ರಸ್ತೆಯವರಿಗೆ ಎಲೆಕ್ಟ್ರಿಕ್ ಕಾರೂ ಹೊಸದಲ್ಲ. 2001ರಲ್ಲಿ ರೇವಾ ಕಾರು ಮಾರುಕಟ್ಟೆಗೆ ಬಂದದ್ದೇ ನಮ್ಮ ಬೊಮ್ಮಸಂದ್ರದಿಂದ. ಚೇತನ್ ಮೈನಿಯವರ ಆ ಪುಟಾಣಿ ಕಾರು ಸದ್ದಿಲ್ಲದೆ ಹಾದುಹೋಗುವಾಗ ಚಂದಾಪುರ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನಾವು ನಕ್ಕಿದ್ದುಂಟು. ಅದೇ ಕಾರು ಲಂಡನ್ನಿಗೆ ಹೋಗಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು ಎಂದು ಪೇಪರಿನಲ್ಲಿ ಓದಿದ ಮೇಲೆ ನಗುವುದು ನಿಲ್ಲಿಸಿದೆವು. 2010ರಲ್ಲಿ ಮಹೀಂದ್ರದವರು ಕಂಪನಿಯನ್ನು ಕೊಂಡರು. ರೇವಾದೊಳಗೆ ಇದ್ದದ್ದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟು, ಅಂದರೆ ನಮ್ಮ ಫೋರ್ಕ್‌ಲಿಫ್ಟಿನಷ್ಟೇ. ಮುಂದಿನ ಸೀಟು ಎತ್ತಿದರೆ ಬ್ಯಾಟರಿ. ನಮ್ಮ ಸ್ಟೋರಿನವರೊಬ್ಬರು ಸೆಕೆಂಡ್ ಹ್ಯಾಂಡ್ ರೇವಾ ತಂದಿದ್ದರು. ಅದು ಎಂಬತ್ತು ಕಿಲೋಮೀಟರ್ ಓಡಬೇಕಾದ್ದು ಮೂವತ್ತಕ್ಕೇ ಸುಸ್ತಾಗತೊಡಗಿದಾಗ ಭಾನುವಾರ ನಮ್ಮ ಬ್ಯಾಟರಿ ರೂಮಿಗೇ ತಂದು ನಿಲ್ಲಿಸಿದರು. ಮೀಟರ್ ಹಿಡಿದೆವು, ಎರಡು ಬ್ಯಾಟರಿ ಸತ್ತಿದ್ದವು, ಬದಲಾಯಿಸಿದರು. ಅಷ್ಟೇ ಕಥೆ. ಯಾರ ಅನುಮತಿಯೂ ಬೇಕಾಗಲಿಲ್ಲ.

ಇನ್ನು ಭಾವ. ಅಕ್ಕನನ್ನು ಕೊಟ್ಟಿರುವುದು ಅತ್ತಿಬೆಲೆಯಿಂದ ಸರ್ಜಾಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ. ರಾಗಿ ಹೊಲ, ಬೋರ್‌ವೆಲ್ ಬತ್ತಿದ ಮೇಲೆ ನೀಲಗಿರಿ ತೋಪು, ಆಮೇಲೆ ಲೇಔಟು — ಆನೇಕಲ್ ತಾಲ್ಲೂಕಿನ ಎಷ್ಟೋ ಜಮೀನುಗಳ ಜಾತಕ ಇದೇ. ಭಾವ ಒಂದು ಭಾಗ ಮಾರಿ, ಇನ್ನೊಂದು ಭಾಗ ಉಳಿಸಿಕೊಂಡು, ಬಂದ ದುಡ್ಡಿನಲ್ಲಿ ಮಕ್ಕಳ ಓದು, ಮನೆ ಎಲ್ಲ ಮುಗಿಸಿದ ಮೇಲೆ 2022ರಲ್ಲಿ ಕೋಟಿ ದಾಟಿದ ಬೆಲೆಯ ಎಲೆಕ್ಟ್ರಿಕ್ ಕಾರು ತಂದರು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಶೋಕಿಗೆ ತಂದರು ಎಂದು ನೆಂಟರು ಮಾತಾಡಿಕೊಂಡರೂ ಭಾವನ ಲೆಕ್ಕವೇ ಬೇರೆ ಇತ್ತು. ಆ ಬೆಲೆಯ ಪೆಟ್ರೋಲ್ ಕಾರು ತಂದಿದ್ದರೆ ಜೀವಾವಧಿ ತೆರಿಗೆಯೇ ನೂರಕ್ಕೆ ಹದಿನೆಂಟು ಕಟ್ಟಬೇಕಿತ್ತು. ಎಲೆಕ್ಟ್ರಿಕ್ಕಿಗೆ ಆಗ ಕರ್ನಾಟಕದಲ್ಲಿ ತೆರಿಗೆಯೇ ಇರಲಿಲ್ಲ. (25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ನೂರಕ್ಕೆ ಹತ್ತು ಹಾಕಿದ್ದು 2024ರಲ್ಲಿ. ಭಾವ ಆ ಸುದ್ದಿ ಓದಿ ಒಂದು ವಾರ ಹೆಮ್ಮೆಯಿಂದ ಓಡಾಡಿದರು.) ಅದರ ಮೇಲೆ ಬ್ಯಾಟರಿಗೆ ಎಂಟು ವರ್ಷ ವಾರಂಟಿ. “ಎಂಟು ವರ್ಷ ಅಂದ್ರೆ ನಮ್ ಹಸುಗೂ ಯಾರೂ ಕೊಡಲ್ಲ ಕಣಪ್ಪ” ಎಂದಿದ್ದರು.

ಕಾರು ಬರುವ ಮೊದಲು ಚಾರ್ಜರ್ ಬಂತು. ಗೋಡೆಗೆ ಹಾಕುವ ತ್ರೀ ಫೇಸ್ ಪೆಟ್ಟಿಗೆ. ಕಂಪನಿಯ ಹುಡುಗರು ಹಾಕಿ ಸ್ವಿಚ್ ಒತ್ತಿದರೆ ಕೆಂಪು ದೀಪ. ಅರ್ಥಿಂಗ್ ಸರಿಯಿಲ್ಲ, ನೀವು ಸರಿಮಾಡಿಸಿದ ಮೇಲೆ ಹೇಳಿ ಎಂದು ಹೊರಟುಹೋದರು. ಭಾವ ನನಗೆ ಫೋನ್ ಮಾಡಿದರು. ಮನೆಯ ಹಿಂದೆ, ಹಳೆಯ ಕೊಟ್ಟಿಗೆಯ ಪಕ್ಕ, ಎದೆ ಮಟ್ಟ ಮೀರಿ ಗುಂಡಿ ತೆಗೆಸಿದೆವು. ತಾಮ್ರದ ಪ್ಲೇಟು ಇಳಿಸಿ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಅಕ್ಕ ಬಿಂದಿಗೆಯಲ್ಲಿ ನೀರು ತಂದು ಸುರಿದಳು. ಮೀಟರಿನಲ್ಲಿ ರೆಸಿಸ್ಟೆನ್ಸ್ ಇಳಿದದ್ದೇ ಪೆಟ್ಟಿಗೆಯ ದೀಪ ಹಸಿರಾಯಿತು. ಕೋಟಿ ರೂಪಾಯಿಯ ಕಾರಿಗೆ ಉಪ್ಪು, ಇದ್ದಿಲು ಬೇಕೇ ಎಂದು ಭಾವನಿಗೆ ಆಶ್ಚರ್ಯ. ನನಗೆ ಸಮಾಧಾನ, ಈ ಯಂತ್ರ ನಾನು ಬಲ್ಲ ಲೋಕದ್ದೇ ಅನ್ನಿಸಿತು. ಒಳಗೆ ಕರೆಂಟು ಎಲ್ಲಾದರೂ ಲೋಹದ ಮೈಗೆ ಸೋರುತ್ತಿದೆಯೇ ಎಂದು ಕಾರು ತನ್ನನ್ನು ತಾನೇ ಸದಾ ಅಳೆದುಕೊಳ್ಳುತ್ತದೆ ಎಂದು ಕೈಪಿಡಿಯಲ್ಲಿ ಓದಿದೆ. ನಾವು ಮೋಟರಿಗೆ ಮೆಗ್ಗರ್ ಹಿಡಿದು ಮಾಡುವ ಕೆಲಸವೇ ಅದು. ಡಿಸಿ ಕಡೆಗೆ ವೋಲ್ಟಿಗೆ 100 ಓಮ್‌ಗಿಂತ ಇನ್ಸುಲೇಷನ್ ಇಳಿಯಕೂಡದು ಎಂಬುದು ಲೋಕವೆಲ್ಲ ಒಪ್ಪಿದ ನಿಯಮ.

ಎರಡು ವರ್ಷ ಕಾರು ಮುತ್ತಿನಂತೆ ಓಡಿತು.

ಕೆಟ್ಟದ್ದು 2024ರ ಅಕ್ಟೋಬರಿನಲ್ಲಿ. ಹೊಸೂರಿನ ಆಚೆ ನೆಂಟರ ಮನೆಯ ಮದುವೆ ಮಾತುಕತೆ ಮುಗಿಸಿ ಸಂಜೆ ವಾಪಸ್ ಬರುತ್ತಿದ್ದೆವು. ಭಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅಕ್ಕ ಹಿಂದೆ. ಗಡಿ ದಾಟಿ ಅತ್ತಿಬೆಲೆ ಟೋಲಿನ ಹತ್ತಿರ ಬರುವಾಗ ಸ್ಕ್ರೀನಿನಲ್ಲಿ ಮೊದಲು ಶಕ್ತಿ ಕುಗ್ಗಿದೆ ಎನ್ನುವ ಹಳದಿ ಆಮೆಯ ಗುರುತು, ಆಮೇಲೆ ಕೆಂಪು ಅಕ್ಷರದಲ್ಲಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಬ ಆಜ್ಞೆ. ಚಾರ್ಜು ಅರ್ಧಕ್ಕಿಂತ ಹೆಚ್ಚೇ ಇತ್ತು. ಭಾವ ಎಡಕ್ಕೆ ತೆಗೆದುಕೊಂಡರು. ಕಾರಿನ ಅಡಿಯಲ್ಲೆಲ್ಲೋ ಟಕ್ ಎಂದು ಒಂದು ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಕರೆಂಟನ್ನು ಕೂಡಿಸಿ ಕಡಿಯುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಬಿಟ್ಟುಕೊಂಡರೆ ಪ್ಯಾನೆಲ್ಲಿನೊಳಗೆ ಬರುವ ಸದ್ದೇ. ಬ್ಯಾಟರಿ ತನ್ನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿತ್ತು.

ಕಂಪನಿಯ ಸಹಾಯವಾಣಿಗೆ ಭಾವ ಫೋನ್ ಹಚ್ಚಿದರು. ಆ ಕಡೆಯ ಹುಡುಗಿ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಗಾಡಿ ಬರುತ್ತದೆ, ಕಾರಿನಿಂದ ದೂರ ನಿಲ್ಲಿ ಎಂದಳು. ದೂರ ನಿಲ್ಲಿ ಎಂದದ್ದೇ ತಪ್ಪಾಯಿತು. ಭಾವ ಸ್ಪೀಕರ್ ಹಾಕಿದ್ದರು, ಪಕ್ಕದಲ್ಲಿ ಎಳನೀರು ಮಾರುತ್ತಿದ್ದವರೂ ಕೇಳಿಸಿಕೊಂಡರು. ಅತ್ತಿಬೆಲೆಯಲ್ಲಿ ಆ ಮಾತಿಗೆ ಬೇರೆಯದೇ ತೂಕ. ಹಿಂದಿನ ವರ್ಷ, 2023ರ ಅಕ್ಟೋಬರ್ 7ರಂದು ಇದೇ ಹೆದ್ದಾರಿಯ ಪಕ್ಕದ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಜನ ಸುಟ್ಟುಹೋಗಿದ್ದರು. ಹಬ್ಬದ ವ್ಯಾಪಾರಕ್ಕೆಂದು ತಮಿಳುನಾಡಿನ ಹಳ್ಳಿಗಳಿಂದ ಕೆಲಸಕ್ಕೆ ಬಂದಿದ್ದ ಎಳೆಯ ಹುಡುಗರೇ ಹೆಚ್ಚು. ಆ ದಿನ ಸಂಜೆ ನಮ್ಮ ಕಾರ್ಖಾನೆಯವರು ಹೊಗೆ ನೋಡುತ್ತ ನಿಂತಿದ್ದೆವು. ಹಾಗಾಗಿ ಎಳನೀರಿನವರು ತಮ್ಮ ಗಾಡಿಯನ್ನು ತಳ್ಳಿಕೊಂಡು ಆಚೆ ಹೋದಾಗ ನನಗೇನೂ ಬೇಸರವಾಗಲಿಲ್ಲ. ಪೊಲೀಸಿನವರೊಬ್ಬರು ಬಂದು ದೂರದಲ್ಲೇ ಬೈಕ್ ನಿಲ್ಲಿಸಿ, “ಇದು ಸಿಡಿಯುತ್ತಾ?” ಎಂದು ನೇರವಾಗಿ ಕೇಳಿದರು. ನಾನು ಮೊಣಕಾಲೂರಿ ಕಾರಿನ ಅಡಿ ಮೂಗಿಟ್ಟೆ. ಲಿಥಿಯಂ ಸೆಲ್ಲು ಬಿಸಿಯೇರಿ ಕೆಡುವಾಗ ಸಿಹಿಯಾದ, ನೇಲ್ ಪಾಲಿಶಿನ ಹತ್ತಿರದ ಘಾಟು ಬರುತ್ತದೆ. ಅಂಥದ್ದೇನೂ ಇರಲಿಲ್ಲ. ಹೊಗೆಯಿಲ್ಲ, ಸುರ್ರೆನ್ನುವ ಸದ್ದಿಲ್ಲ. ಸಿಡಿಯಲ್ಲ ಸಾರ್ ಎಂದೆ, ಆದರೂ ಅಕ್ಕನನ್ನು ರಸ್ತೆಯ ಆಚೆ ಬದಿಗೆ ಕಳಿಸಿದೆ.

ಕತ್ತಲಾದ ಮೇಲೆ ಫ್ಲ್ಯಾಟ್‌ಬೆಡ್ ಬಂತು. ಅಷ್ಟರಲ್ಲಿ ಇನ್ನೊಂದು ಆಗಿತ್ತು. ಅಷ್ಟು ಹೊತ್ತು ಪಾರ್ಕಿಂಗ್ ಲೈಟು ಮಿನುಗಿಸುತ್ತ ನಿಂತಿದ್ದ ಕಾರಿನ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಬರಿದಾಗಿ ಇಡೀ ಕಾರು ಕಣ್ಣು ಮುಚ್ಚಿತು. ಚಕ್ರ ಲಾಕು. ಡಿಕ್ಕಿ ತೆರೆಯದು, ಎಳೆಯುವ ಕೊಕ್ಕೆ ಇರುವುದು ಅದರೊಳಗೇ. ಫ್ಲ್ಯಾಟ್‌ಬೆಡ್ಡಿನ ಹುಡುಗ ತಲೆ ಕೆರೆದುಕೊಂಡ. ಎಳೆದರೆ ಟೈರು ಉಜ್ಜಿಹೋಗುತ್ತದೆ, ಕೆಳಗಿನ ಪ್ಲೇಟಿಗೆ ಪೆಟ್ಟಾಗುತ್ತದೆ, ಕಂಪನಿಯವರು ತನ್ನ ತಲೆಗೆ ಕಟ್ಟುತ್ತಾರೆ ಎಂಬುದು ಅವನ ಭಯ. ನಾನು ಸರ್ವಿಸ್ ರಸ್ತೆಯಲ್ಲಿ ನಡೆದುಹೋಗಿ ಲಾರಿಗಳಿಗೆ ಬ್ಯಾಟರಿ ಕೆಲಸ ಮಾಡುವ ಅಂಗಡಿಯವರನ್ನು ಕರೆತಂದೆ. ವಯಸ್ಸಾದವರು, ಬೆರಳ ತುದಿಗಳು ಆಸಿಡ್ ತಿಂದು ನಯವಾಗಿದ್ದವು, ಮಾತಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ವಾಕ್ಯದಲ್ಲಿ. ಹೆಗಲ ಮೇಲೆ ಲಾರಿ ಬ್ಯಾಟರಿ ಹೊತ್ತು ತಂದರು. ಸ್ಟೀರಿಂಗಿನ ಕೆಳಗಿನ ಲಿವರ್ ಎಳೆದು ಬಾನೆಟ್ ಎತ್ತಿದೆವು. ಪ್ಲಾಸ್ಟಿಕ್ ಮುಚ್ಚಳದಡಿ ಕೆಂಪು ಟರ್ಮಿನಲ್ ಸಿಕ್ಕಿತು. ಕ್ಲಿಪ್ ಹಾಕಿದ ತಕ್ಷಣ ಕಾರು ಎಚ್ಚರಗೊಂಡು ಸಂಗೀತ ನುಡಿಸಿ ನಮ್ಮನ್ನೆಲ್ಲ ಸ್ವಾಗತಿಸಿತು. ಅವರಿಗೆ ನಗು ತಡೆಯಲಾಗಲಿಲ್ಲ. “ಅಲ್ಲ ಸಾಮೀ, ಅಷ್ಟು ದೊಡ್ ಬ್ಯಾಟ್ರಿ ಹೊಟ್ಟೇಲಿ ಇಕ್ಕೊಂಡು ಈ ಸಣ್ದಕ್ಕೆ ಗತಿಯಿಲ್ವಾ?” ಎಂದರು. ದೊಡ್ಡದು ಸಣ್ಣದಕ್ಕೆ ಕರೆಂಟು ಕೊಡಬೇಕಾದರೆ ಕಾಂಟ್ಯಾಕ್ಟರ್ ಕೂಡಬೇಕು, ಅದು ಕೂಡಬೇಕಾದರೆ ಸಣ್ಣದರ ಕರೆಂಟು ಬೇಕು ಎಂದು ಹೇಳಿದೆ. ತಕ್ಷಣ ಅರ್ಥ ಮಾಡಿಕೊಂಡು, “ಹಂಗಾದ್ರೆ ದೊಡ್ದು ಯಾಕೆ ಬಾಗ್ಲಾಕ್ಕೊಂತು, ಅದ್ ನೋಡಿ” ಎಂದರು. ಕಾರು ನ್ಯೂಟ್ರಲ್ಲಿಗೆ ಬಂತು, ವಿಂಚ್ ಎಳೆದುಕೊಂಡಿತು. ಮುನ್ನೂರು ರೂಪಾಯಿ ಕೇಳಿದರು. ಭಾವ ಐನೂರು ಕೊಟ್ಟರು.

ಆ ಮುದುಕರು ಕೇಳಿದ ಪ್ರಶ್ನೆಯನ್ನೇ ಭಾವ ಮುಂದೆ ತಿಂಗಳುಗಟ್ಟಲೆ ಕೇಳಿದರು.

ಸರ್ವಿಸ್ ಸೆಂಟರಿನಲ್ಲಿ ಗಾಜಿನ ಗೋಡೆಯ ಆಚೆ ಕಾರು, ಈಚೆ ನಾವು. ಕಾಫಿ ಮೆಷಿನ್ನು ಚೆನ್ನಾಗಿತ್ತು. ಕಾರಿನ ಸುತ್ತ ಕೆಂಪು-ಬಿಳಿ ಸರಪಳಿ ಕಟ್ಟಿ ಅಪಾಯದ ಬೋರ್ಡ್ ತೂಗುಹಾಕಿದ್ದರು. ಅದು ಸರಿಯೇ, 400 ವೋಲ್ಟಿನ ಡಿಸಿ ಜೊತೆ ಚೆಲ್ಲಾಟವಿಲ್ಲ. ಬ್ಯಾಟರಿಯೊಳಗೆ ಇನ್ಸುಲೇಷನ್ ಫಾಲ್ಟ್ ಇದೆ, ಡೇಟಾವನ್ನು ಹೊರದೇಶದ ಎಂಜಿನಿಯರ್‌ಗಳಿಗೆ ಕಳಿಸಿದ್ದೇವೆ, ಇಲ್ಲಿ ಯಾರೂ ಬ್ಯಾಟರಿ ಬಿಚ್ಚುವಂತಿಲ್ಲ ಎಂದು ಟ್ಯಾಬ್ಲೆಟ್ ಹಿಡಿದ ಅಡ್ವೈಸರ್ ಹೇಳಿದರು. ಕೆಲವು ವಾರಗಳ ಮೇಲೆ ಕರೆಸಿ ಫೋಟೋ ತೋರಿಸಿದರು. ಬ್ಯಾಟರಿಯ ಕೆಳಗಿನ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಒಂದು ಗೀರು, ಅಂಗೈಯುದ್ದದ್ದು. ಇದು ಹೊರಗಿನ ಪೆಟ್ಟು, ಪೆಟ್ಟಿನಿಂದ ಒಳಗೆ ನೀರು ಹೋಗಿರಬಹುದು, ಹೊರಗಿನ ಪೆಟ್ಟಿಗೆ ವಾರಂಟಿ ಇಲ್ಲ. ಹೊಸ ಬ್ಯಾಟರಿಯ ಅಂದಾಜು ಕೊಟ್ಟರು. ಕಾರಿನ ಬೆಲೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಇನ್ಶೂರೆನ್ಸ್ ಸರ್ವೇಯರ್ ಬಂದು ಅದೇ ಗೀರನ್ನು ಟಾರ್ಚ್ ಬಿಟ್ಟು ನೋಡಿ, ಇದು ಹಳೆಯ ಸವೆತ, ಇದಕ್ಕೂ ಬ್ಯಾಟರಿ ಕೆಟ್ಟದ್ದಕ್ಕೂ ಸಂಬಂಧವಿಲ್ಲ, ಅಪಘಾತವಲ್ಲದ್ದಕ್ಕೆ ಕ್ಲೇಮ್ ಇಲ್ಲ ಎಂದು ಬರೆದು ಹೋದರು. ಒಂದೇ ಗೀರು. ವಾರಂಟಿಯವರಿಗೆ ಅದೇ ಕಾರಣ, ಇನ್ಶೂರೆನ್ಸಿನವರಿಗೆ ಅದು ಕಾರಣವೇ ಅಲ್ಲ. ಇಬ್ಬರೂ ಬ್ಯಾಟರಿಯ ಒಳಗೆ ನೋಡಿರಲಿಲ್ಲ.

ಭಾವನ ಹಟ ಹಳ್ಳಿಯದು. ಗೀರು ಎಲ್ಲಿ ಆಗಿರಬಹುದು ಎಂದು ಪತ್ತೆ ಮಾಡಲು ಟೇಪು ಹಿಡಿದು ಹೊರಟರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ನಿಧಾನವಾಗಿ ಹೋಗುವ ಗಾಡಿಗೆ ಹತ್ತಿ ಇಳಿಯುವುದು ಕಷ್ಟವಾಗಬಾರದು. ಊರಿನ ಶಾಲೆಯ ಮುಂದಿನ ಹಂಪು ಮೊಣಕಾಲ ಕೆಳಗಿನ ಎತ್ತರಕ್ಕೆ ಗೋಡೆಯಂತೆ ಎದ್ದಿತ್ತು. ಭಾವ ಟೇಪು ಇಟ್ಟು ಫೋಟೋ ತೆಗೆಸಿ, ನಿಮ್ಮ ಕಾರು ಭಾರತದ ರಸ್ತೆಗೆ ಮಾಡಿದ್ದು ಎಂದು ಮಾರಿದ ಮೇಲೆ ಇದನ್ನೂ ತಡೆಯಬೇಕಲ್ಲವೇ ಎಂದು ಕಂಪನಿಗೆ ಬರೆಯಲು ಹೇಳಿದರು. ನಾನು ಬರೆಯುತ್ತ ಕೂತಿರುವಾಗ ಅಕ್ಕ ಒಳಗಿನಿಂದಲೇ, “ಆ ಹಂಪು ಹಾಕ್ಸಿದ್ ಯಾರು ಅಂತಾನೂ ಬರೀರಿ” ಎಂದಳು. ಹಾಕಿಸಿದ್ದು ಭಾವನೇ. ಪಂಚಾಯ್ತಿ ಮೆಂಬರ್ ಆಗಿದ್ದಾಗ, ಟಿಪ್ಪರೊಂದು ಶಾಲೆಯ ಹುಡುಗಿಗೆ ತಗುಲಿದ ವಾರವೇ, ಮುಂದೆ ನಿಂತು ಕಾಂಕ್ರೀಟು ಸುರಿಸಿದ್ದರು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಪಿನ ವಿಷ್ಯ ಬಿಡು, ಕಾರಣ ಬರ್ದುಕೊಡಿ ಅಂತ ಮಾತ್ರ ಬರಿ” ಎಂದರು. ಆಮೇಲೆ ಹೋದ ಪತ್ರಗಳೆಲ್ಲ ಆ ಒಂದೇ ಸಾಲಿನ ಸುತ್ತ.

ಬ್ಯಾಟರಿಯ ಇನ್ಸುಲೇಷನ್ ಯಾವ ತಿಂಗಳಿಂದ ಇಳಿಯುತ್ತ ಬಂತು ಎಂಬುದು ಕಾರಿನ ನೆನಪಿನಲ್ಲಿ ಇದ್ದೇ ಇರುತ್ತದೆ, ಆ ಪಟ್ಟಿ ಕೊಡಿ ಎಂದು ನಾನು ಕೇಳಿಸಿದೆ. ಒಂದೇ ದಿನ ಥಟ್ಟನೆ ಇಳಿದಿದ್ದರೆ ಪೆಟ್ಟು ಎಂದು ಒಪ್ಪಬಹುದು. ದಿನದಿನಕ್ಕೂ ಜಾರುತ್ತ ಬಂದಿದ್ದರೆ ಒಳಗೇ ಏನೋ ಸೋರುತ್ತಿದೆ ಎಂದರ್ಥ. ಈ ಬ್ಯಾಟರಿಗಳಿಗೆ ಹೊರಗಿನ ನೀರಷ್ಟೇ ಶತ್ರುವಲ್ಲ. ಸೆಲ್ಲುಗಳನ್ನು ತಂಪಾಗಿಡಲು ಅವುಗಳ ಅಡಿಯ ಪ್ಲೇಟಿನೊಳಗೆ ಕೂಲೆಂಟ್ ಹರಿಯುತ್ತಿರುತ್ತದೆ. ಆ ಪ್ಲೇಟಿನ ಬೆಸುಗೆಯೋ ಪೈಪಿನ ಕೂಡೋ ಜಿನುಗಿದರೂ ಸಾಕು. ಪಟ್ಟಿ ಬರಲಿಲ್ಲ. ಅದು ಕಂಪನಿಯ ಗುಟ್ಟಿನ ಮಾಹಿತಿ ಎಂದು ಉತ್ತರ ಬಂತು. ಭಾವ ದುಡ್ಡು ಕೊಟ್ಟು ಕೊಂಡ ಕಾರಿನ ಒಳಗಿರುವ ಅಂಕಿ ಭಾವನದ್ದಲ್ಲ.

ಸರ್ವಿಸ್ ಸೆಂಟರಿನಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸಿನ ಮೇಲೆ ಚರ್ಮದ ಗ್ಲೌಸು ಹಾಕಿಕೊಂಡು ಕೆಲಸ ಮಾಡುವ ಹುಡುಗನೊಬ್ಬನಿದ್ದ. ನಮ್ಮ ತಾಲ್ಲೂಕಿನವನೇ, ಐಟಿಐ ಓದಿದವನು. ನಾನು ಅತ್ತಿಬೆಲೆಯ ಮೇಂಟೆನೆನ್ಸಿನವನು ಎಂದು ತಿಳಿದ ಮೇಲೆ ಗಾಜಿನ ಆಚೆಯಿಂದ ನಕ್ಕು ತಲೆಯಾಡಿಸುತ್ತಿದ್ದ. ಒಂದು ದಿನ ಟೀ ಅಂಗಡಿಯಲ್ಲಿ ಸಿಕ್ಕಿದ. ಅವನೇ ಮಾತು ತೆಗೆದ. ಹೊರದೇಶದವರು ಹೇಳಿದಂತೆ ಕೂಲೆಂಟ್ ಲೈನಿಗೆ ಗಾಳಿ ತುಂಬಿಸಿ ಪ್ರೆಷರ್ ಟೆಸ್ಟ್ ಮಾಡಿದ್ದರಂತೆ, ಮೀಟರಿನ ಮುಳ್ಳು ನಿಲ್ಲದೆ ಇಳಿಯಿತಂತೆ. “ನೀರು ಹೊರಗಿಂದ ಬಂದಿದ್ದಲ್ಲಣ್ಣ” ಎಂದಷ್ಟೇ ಹೇಳಿ ಟೀ ಕುಡಿದು ಮುಗಿಸದೆ ಎದ್ದುಹೋದ.

ಅಂದು ರಾತ್ರಿ ಭಾವನಿಗೆ ಹೇಳಿದೆ. ಹೇಳಿದ ತಕ್ಷಣ ಅವರು ಇದನ್ನೇ ನಾಳೆ ಬರೆಯೋಣ ಎಂದರು. ನಾನು ಆಗಲ್ಲ ಎಂದೆ. ಟೆಸ್ಟ್ ಮಾಡಿದವರು ಎಷ್ಟು ಜನ ಇದ್ದಾರು, ಯಾರ ಬಾಯಿಂದ ಬಂತು ಎಂದು ಪತ್ತೆಯಾಗಲು ಅರ್ಧ ಗಂಟೆ ಸಾಕು. ಭಾವನ ಮುಖ ಕೆಂಪಾಯಿತು. ನಿನಗೆ ನಿನ್ನ ಕೆಲಸದ ಜಾತಿಯವರೇ ಹೆಚ್ಚು, ಮೂವತ್ತು ವರ್ಷದ ನೆಂಟಸ್ತನ ಕಡಿಮೆ ಎಂದರು. ಕೆಲವು ದಿನ ನಮ್ಮಿಬ್ಬರ ನಡುವೆ ಮಾತು ನಿಂತಿತ್ತು. ಆ ಹುಡುಗ ಮಾಡಿದ್ದರಲ್ಲಿ ನನಗೆ ಅಚ್ಚರಿಯೇನಿಲ್ಲ. ಕೆಟ್ಟದ್ದರ ಕಾರಣ ಗೊತ್ತಿದ್ದೂ ಹೇಳದೆ ಇರುವುದು ಈ ಕಸುಬಿನವರಿಗೆ ಹೊಟ್ಟೆನೋವಿದ್ದ ಹಾಗೆ. ಅವನಿಗೆ ಬರೆಯಲು ಕಾಲಂ ಕೊಟ್ಟಿರಲಿಲ್ಲ, ಟೀ ಅಂಗಡಿಯಲ್ಲಿ ಹೇಳಿಕೊಂಡ.

ಆನೇಕಲ್ಲಿನ ವಕೀಲರೊಬ್ಬರು ಭಾವನ ಸಹಪಾಠಿ. ಗ್ರಾಹಕ ಕಾಯ್ದೆಯಡಿ ಹೋಗಬಹುದು ಎಂದರು. ಕೊಟ್ಟ ಬೆಲೆ 50 ಲಕ್ಷ ಮೀರಿ 2 ಕೋಟಿಯೊಳಗೆ ಇದ್ದರೆ ಜಿಲ್ಲಾ ಆಯೋಗಕ್ಕಲ್ಲ, ನೇರ ರಾಜ್ಯ ಆಯೋಗಕ್ಕೆ. ಎರಡು ವರ್ಷದೊಳಗೆ ದೂರು ಕೊಡಬೇಕು. ದೋಷ ಬರಿಗಣ್ಣಿಗೆ ಕಾಣದ್ದಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು ಎಂದೂ ಹೇಳಿದರು. ಅದನ್ನು ಕೇಳಿ ನನಗೆ ಉತ್ಸಾಹ ಬಂತು. ಬೆಂಗಳೂರಿಗೆ ಪ್ರಯೋಗಾಲಯದ ಬರವೇ? ಸದಾಶಿವನಗರದಲ್ಲಿ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ನಾವೇ ನಮ್ಮ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಅಲ್ಲಿಗೆ ಟೆಸ್ಟಿಗೆ ಕಳಿಸಿದ್ದೇವೆ. ವಕೀಲರು ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಿದರು. ಆರುನೂರು ಕಿಲೋ ತೂಕದ ಸೀಲು ಹಾಕಿದ ಪೆಟ್ಟಿಗೆಯನ್ನು ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಬಿಚ್ಚಿದರೆ, ಬಿಚ್ಚಿದ್ದರಿಂದಲೇ ಕೆಟ್ಟಿತು ಎನ್ನುತ್ತಾರೆ. ವರ್ಷಗಳು ಹೋಗುತ್ತವೆ. ಆದರೂ ನೋಟಿಸು ಕಳಿಸೋಣ ಎಂದರು. ಕಳಿಸಿದರು. ನೋಟಿಸಿನ ಕೊನೆಯಲ್ಲಿ ಪ್ರೆಷರ್ ಟೆಸ್ಟ್ ಮಾಡಿದ್ದೀರಾ, ಮಾಡಿದ್ದರೆ ವರದಿ ಕೊಡಿ, ಮಾಡಿಲ್ಲದಿದ್ದರೆ ಮಾಡಿ ಎಂದು ನಾನೊಂದು ಪ್ರಶ್ನೆ ಸೇರಿಸಿದ್ದೆ. ಇನ್ಸುಲೇಷನ್ ಫಾಲ್ಟ್ ಬಂದಾಗ ಯಾವ ಮೇಂಟೆನೆನ್ಸಿನವನೂ ಕೇಳುವ ಪ್ರಶ್ನೆ ಅದು. ಅದಕ್ಕೆ ಒಳಗಿನವರ ಸಾಕ್ಷಿ ಬೇಕಿಲ್ಲ. ಭಾವ ಓದಿ ನನ್ನ ಕಡೆ ನೋಡಿದರು. ಅಂದಿನಿಂದ ಮಾತು ಮತ್ತೆ ಶುರುವಾಯಿತು.

ಆ ಪ್ರಶ್ನೆ ಕೆಲಸ ಮಾಡಿತೋ, ಲಾಯರ್ ನೋಟಿಸೋ, ಅಥವಾ ಮೇಲಿನ ಯಾರಿಗೋ ಬೇಸರವಾಯಿತೋ, ನೋಟಿಸು ಹೋದ ಮೇಲೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಅಡ್ವೈಸರ್ ಫೋನ್ ಮಾಡಿ, ಗ್ರಾಹಕರ ಮೇಲಿನ ವಿಶ್ವಾಸದಿಂದ ಬ್ಯಾಟರಿಯನ್ನು ಪೂರ್ತಿ ಕಂಪನಿಯ ಖರ್ಚಿನಲ್ಲೇ ಬದಲಾಯಿಸುತ್ತೇವೆ ಎಂದರು. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬಾರದು ಎಂಬ ಕಾಗದಕ್ಕೆ ಸಹಿ ಬೇಕಿತ್ತು. ಹಳೆಯ ಬ್ಯಾಟರಿಯನ್ನು ಬಿಚ್ಚುವಾಗ ತಾವೂ ನಿಂತು ನೋಡಬಹುದೇ ಎಂದು ಭಾವ ಕೇಳಿದರು. ಆಗಲ್ಲ ಸಾರ್, ಅದು ವಾಪಸ್ ಹೋಗುತ್ತದೆ ಎಂದರು. ಅದಕ್ಕೊಂದು ನಿಯಮದ ಬೆಂಬಲವೂ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಿಸಿದವರದ್ದೇ. ಒಳ್ಳೆಯ ನಿಯಮ. ಆದರೆ ಕೆಟ್ಟ ಬ್ಯಾಟರಿಯ ಜೊತೆ ಅದು ಕೆಟ್ಟ ಕಾರಣವೂ ಅದೇ ಲಾರಿ ಹತ್ತಿ ಹೋಗಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಭಾವ ಸಹಿ ಹಾಕಿದರು. ನಾನಾಗಿದ್ದರೂ ಹಾಕುತ್ತಿದ್ದೆ, ಮೂವತ್ತು ಲಕ್ಷ ಮೀರಿದ ಬಾಬತ್ತು.

ಬಿಲ್ಲು ಬಂತು. ‘ಹೈ ವೋಲ್ಟೇಜ್ ಬ್ಯಾಟರಿ — 1, ಗ್ರಾಹಕರು ಪಾವತಿಸಬೇಕಾದ್ದು — 0.00’. ಷರಾ ಎಂಬ ಜಾಗದಲ್ಲಿ ‘ಬದಲಿಸಲಾಗಿದೆ’. ಬೇರೇನಿಲ್ಲ.

ಗೆದ್ದೆವು ಎಂದು ಅಕ್ಕ ಅಂದು ಹೋಳಿಗೆ ಮಾಡಿದಳು. ಖಾಲಿ ಬಿಟ್ಟ ಕಾಲಮ್ಮಿಗೂ ಬೆಲೆಯುಂಟು ಎಂದು ಗೊತ್ತಾದದ್ದು ಆಮೇಲೆ, ಭಾವ ಆ ಕಾರು ಮಾರಲು ಹೊರಟಾಗ. ಹಳೆಯ ದುಬಾರಿ ಕಾರುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬರು ಮನೆಗೇ ಬಂದರು. ಕಾರು ನೋಡಿದರು, ಓಡಿಸಿದರು, ಮೆಚ್ಚಿದರು, ಕಾಗದ ತಿರುವಿದರು. ಬ್ಯಾಟರಿ ಬದಲಾದದ್ದು ಕಂಡು ಕೈ ನಿಂತಿತು. “ಏನಾಗಿತ್ತು ಸಾರ್? ಏನಾದ್ರೂ ಬರೆದುಕೊಟ್ಟಿದ್ದಾರಾ?” ಎಂದು ಕೇಳಿದರು. ಭಾವ ಜೋರಾಗಿ ನಕ್ಕರು. ಆ ಪ್ರಶ್ನೆಯನ್ನು ಅಷ್ಟು ಕಾಲ ತಾವು ಕೇಳಿ ಕೇಳಿ ಈಗ ತಮ್ಮನ್ನೇ ಯಾರೋ ಕೇಳುತ್ತಿದ್ದರು. ವ್ಯಾಪಾರಿ ತಮ್ಮ ಲೆಕ್ಕ ಬಿಡಿಸಿ ಹೇಳಿದರು. ಬ್ಯಾಟರಿಯೇ ಕೆಟ್ಟಿದ್ದರೆ ಹೊಸದು ಬಂದದ್ದು ಒಳ್ಳೆಯದೇ, ನಾಲ್ಕು ಕಾಸು ಹೆಚ್ಚೇ ಕೊಡುವೆ. ಕಾರು ನೀರಲ್ಲಿ ಮುಳುಗಿದ್ದರೆ ಬೇರೆ ಭಾಗಗಳೂ ಇವತ್ತಲ್ಲ ನಾಳೆ ಕೆಡುತ್ತವೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಮುಳುಗಿದ ಕಾರುಗಳು ತೊಳೆದು ಒರೆಸಿಕೊಂಡು ಎಲ್ಲೆಲ್ಲಿ ತಿರುಗುತ್ತಿವೆಯೋ ಯಾರಿಗೆ ಗೊತ್ತು? ಕಾರಣ ಕಾಗದದಲ್ಲಿ ಇಲ್ಲದ ಮೇಲೆ ಮುಳುಗಿದ ಕಾರು ಎಂದೇ ಎಣಿಸಿ ಬೆಲೆ ಕಟ್ಟಬೇಕಾಗುತ್ತದೆ. ಅವರು ಹೇಳಿದ ಬೆಲೆ ಕೊಂಡದ್ದರ ಮೂರನೇ ಒಂದು ಪಾಲೂ ಇರಲಿಲ್ಲ. ಅವರ ತರ್ಕದಲ್ಲಿ ನನಗೆ ಒಂದು ತಪ್ಪೂ ಕಾಣಿಸಲಿಲ್ಲ.

ಯುರೋಪಿನ ಒಕ್ಕೂಟದವರು 2023ರಲ್ಲಿ ಮಾಡಿದ ಕಾನೂನಿನಂತೆ 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಪ್ರತಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೂ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕು, ಕೋಡ್ ಸ್ಕ್ಯಾನ್ ಮಾಡಿದರೆ ಅದರ ವಿವರ ತೆರೆದುಕೊಳ್ಳಬೇಕು. ಅದನ್ನು ಭಾವನಿಗೆ ಓದಿ ಹೇಳಿದೆ. “ಅದ್ರಲ್ಲಿ ಕಾರಣದ ಕಾಲಂ ಇರ್ತದಾ?” ಎಂದರು.

ಕಾರು ಮಾರಲಿಲ್ಲ. ಈಗಲೂ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ. ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಅದರಲ್ಲೇ ಹೋಗಿಬಂದೆವು. ಬ್ಯಾಟರಿ ಹೊಸದಾದರೂ ವಾರಂಟಿ ಮಾತ್ರ ಕಾರು ಕೊಂಡ ದಿನದಿಂದಲೇ ಲೆಕ್ಕ, 2030ಕ್ಕೆ ಮುಗಿಯುತ್ತದೆ. ಆಮೇಲೆ ಕೆಟ್ಟರೆ ಏನು ಮಾಡುತ್ತೀರಿ ಎಂದು ಅಕ್ಕ ಕೇಳಿದಳು. “ಅಷ್ಟೊತ್ತಿಗೆ ನಿನ್ನ ತಮ್ಮ ರಿಟೈರ್ ಆಗಿರ್ತಾನೆ, ಕೊಟ್ಟಿಗೇಲಿ ಹಾಕ್ಕೊಂಡು ಬಿಚ್ಚಿ ನೋಡ್ತಾನೆ ಬಿಡು” ಎಂದರು ಭಾವ. ನಾನು ಬಿಚ್ಚುವುದಿಲ್ಲ ಎಂದೆ. ಎಸಿ ಕರೆಂಟಾದರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಕಿಡಿ ಹತ್ತಿದರೂ ತಾನೇ ಆರಲು ಒಂದು ಅವಕಾಶವಿದೆ. 400 ವೋಲ್ಟಿನ ಡಿಸಿ ಹಾಗಲ್ಲ, ಹಿಡಿದರೆ ಬಿಡುವುದಿಲ್ಲ ಎಂದು ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, “ಅವರ ಕಡೆ ಮಾತಾಡ್ದಂಗೇ ಐತೆ” ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.